ರೈತ ಎಂಬ ಅಮಾನತ್ತು: ನಮ್ಮ ಜಿಲ್ಲೆಯ ಇನ್ನೂರು ವರ್ಷದ ಲೆಕ್ಕ

ಕಳೆದ ಬೇಸಿಗೆಯ ಒಂದು ಶುಕ್ರವಾರ. ಜುಮಾ ನಮಾಝ್ ಮುಗಿದು ಜನ ಚದುರಿದ ಮೇಲೆ ಹಂಪಸಾಗರದ ಹಿರಿಯರೊಬ್ಬರು ಮಸೀದಿಯ ಕಟ್ಟೆಯ ಮೇಲೆ ಕುಳಿತೇ ಇದ್ದರು. ಮಡಿಲಲ್ಲಿ ಹಳೆಯ ಬಟ್ಟೆಯ ಗಂಟೊಂದಿತ್ತು. ಬಿಚ್ಚಿದರೆ ಒಳಗೆ ಹೊಲದ ಕಾಗದಗಳು. ಅಜ್ಜನ ಕಾಲದ ಪಟ್ಟೆ, ತಂದೆಯ ಕಾಲದ ಕಂದಾಯ ರಸೀದಿ, ಈಗಿನ ಕಂಪ್ಯೂಟರ್ ಪಹಣಿ. ತಂದೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಈಗ ಪೌತಿ ಖಾತೆ ಮಾಡಿಸಬೇಕೆಂದು ಹೊರಟಿದ್ದರು.

"ಹಜರತ್, ಇದರಲ್ಲಿ 1347 ಅಂತ ಬರೆದಿದೆ. ಇದು ಹಿಜರಿ ಸನ್ನಾ? ನಮ್ಮ ಅಜ್ಜ ಹಿಜರಿ ಲೆಕ್ಕದಲ್ಲಿ ಕಂದಾಯ ಕಟ್ಟುತ್ತಿದ್ದರಾ?" ಎಂದು ಕೇಳಿದರು. ಕಾಗದ ನೋಡಿದೆವು. 1347ರ ಮುಂದೆ 'ಫಸಲಿ' ಎಂದಿತ್ತು. ಹಿಜರಿ ಅಲ್ಲ ಚಾಚಾ, ಇದು ಫಸಲಿ. ಅಂದರೆ 1937-38ನೇ ಇಸವಿ ಎಂದೆವು. ಅವರು ಒಂದೊಂದೇ ಕಾಗದ ತೆಗೆದು ಸಾಲಾಗಿ ಇಟ್ಟರು. "ನೋಡಿರಿ, ಹೊಲ ಅದೇ. ಒಂದು ಕಾಗದದಲ್ಲಿ ಮದ್ರಾಸು, ಇನ್ನೊಂದರಲ್ಲಿ ಮೈಸೂರು, ಮತ್ತೊಂದರಲ್ಲಿ ಕರ್ನಾಟಕ. ಒಂದರಲ್ಲಿ ಬಳ್ಳಾರಿ ಜಿಲ್ಲೆ, ಒಂದರಲ್ಲಿ ವಿಜಯನಗರ. ನಾವು ಮಾತ್ರ ಎಲ್ಲೂ ಹೋಗಲಿಲ್ಲ" ಎಂದು ನಕ್ಕರು.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ನಮ್ಮ ಮಕ್ಕಳಿಗೆ ಬದ್ರ್ ಗೊತ್ತು, ಬಗ್ದಾದ್ ಗೊತ್ತು, ಅಂದಲೂಸಿಯಾ ಗೊತ್ತು. ಅದು ಒಳ್ಳೆಯದೇ. ಆದರೆ ನಿಂತ ನೆಲದ ಚರಿತ್ರೆ ಗೊತ್ತಿಲ್ಲ. ಹೂವಿನ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಈ ಸೀಮೆಯನ್ನು ಯಾರು ಯಾರು ಆಳಿದರು, ಹೇಗೆ ಆಳಿದರು, ಆಳಿಸಿಕೊಂಡವರ ಗತಿ ಏನಾಯಿತು ಎಂಬುದನ್ನು ಈ ತಿಂಗಳು ಓದುಗರ ಮುಂದೆ ಇಡೋಣ ಎನಿಸಿತು.

ಮಾತಿನಲ್ಲೇ ಉಳಿದ ಚರಿತ್ರೆ

ಮೊದಲು ಮಾತಿನಿಂದಲೇ ಆರಂಭಿಸೋಣ. ನಮ್ಮ ಹಳ್ಳಿಯ ಯಾವ ರೈತನೇ ಆಗಲಿ, ಯಾವ ಜಾತಿ ಧರ್ಮದವನೇ ಆಗಲಿ, ದಿನಕ್ಕೆ ಹತ್ತು ಸಲ ಅರಬಿ, ಪಾರಸಿ ಪದಗಳನ್ನು ಆಡುತ್ತಾನೆ. ಮದರಸದಲ್ಲಿ ಅರಬಿ ಓದಿದ ಯಾರಿಗೂ ಇದು ಕಿವಿಗೆ ಬೀಳದೆ ಇರದು. 'ಜಿಲ್ಲೆ' ಎಂಬುದು ಅರಬಿಯ 'ಝಿಲ್‌ಅ್' ಪದದಿಂದ ಬಂದದ್ದು. ಅದರ ಮೂಲ ಅರ್ಥ ಪಕ್ಕೆಲುಬು, ಮಗ್ಗುಲು. ದೇಶವೆಂಬ ಶರೀರಕ್ಕೆ ಜಿಲ್ಲೆ ಒಂದು ಪಕ್ಕೆಲುಬು. 'ತಾಲ್ಲೂಕು' ಎಂದರೆ 'ತಅಲ್ಲುಕ್', ಸಂಬಂಧಪಟ್ಟದ್ದು. 'ತಹಶೀಲು' ಎಂದರೆ ವಸೂಲಿ. ವಸೂಲಿ ಮಾಡುವವನು ತಹಶೀಲ್ದಾರ. 'ಜಮಾಬಂದಿ', 'ಇನಾಮು', 'ಖರಾಬು', 'ವಾರಸುದಾರ' ಎಲ್ಲವೂ ಅದೇ ದಾರಿಯಲ್ಲಿ ಬಂದವು. ಹಿರಿಯರು ಮಾಡಿಸಹೊರಟ 'ಪೌತಿ' ಖಾತೆಯ ಪೌತಿ ಕೂಡ ಅರಬಿಯ 'ಫೌತ್', ಅಂದರೆ ಮರಣ.

ಇವೆಲ್ಲಕ್ಕಿಂತ ಮುಖ್ಯವಾದದ್ದು 'ರೈತ' ಎಂಬ ಪದ. ಇದು ಅರಬಿಯ 'ರಈಯತ್'. ರಾಈ ಎಂದರೆ ಕುರುಬ, ಕಾಯುವವನು. ಅವನ ಕಾವಲಿನಲ್ಲಿರುವ ಮಂದೆ ರಈಯತ್. ನೀವು ಪ್ರತಿಯೊಬ್ಬರೂ ಕಾಯುವವರು, ನಿಮ್ಮ ಕಾವಲಿನಲ್ಲಿ ಇರುವವರ ಬಗ್ಗೆ ನಿಮ್ಮಲ್ಲಿ ಪ್ರತಿಯೊಬ್ಬರನ್ನೂ ವಿಚಾರಿಸಲಾಗುವುದು ಎಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ ಹದೀಸ್ ನಮಗೆಲ್ಲ ಗೊತ್ತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಆ ಹದೀಸ್‌ನಲ್ಲಿ ಬರುವುದು ಇದೇ ಪದ. ದೊರೆ ಪ್ರಜೆಯ ಬಗ್ಗೆ, ಗಂಡಸು ಮನೆಯವರ ಬಗ್ಗೆ, ಹೆಂಗಸು ತನ್ನ ಮನೆಯ ಬಗ್ಗೆ, ಸೇವಕ ಯಜಮಾನನ ಸ್ವತ್ತಿನ ಬಗ್ಗೆ ಉತ್ತರ ಕೊಡಬೇಕು.

ಹಾಗಾದರೆ 'ರೈತ' ಎಂದು ಕರೆಯುವಾಗಲೇ ಒಂದು ಅಮಾನತ್ತನ್ನು ಒಪ್ಪಿಕೊಂಡ ಹಾಗಾಯಿತು. ನೀನು ನನ್ನ ಕಾವಲಿನಲ್ಲಿದ್ದೀಯೆ, ನಿನ್ನ ಬಗ್ಗೆ ನಾನು ಉತ್ತರ ಕೊಡಬೇಕು ಎಂದು. ನಮ್ಮ ಜಿಲ್ಲೆಯನ್ನು ಆಳಿದವರು ಈ ಅಮಾನತ್ತನ್ನು ಹೇಗೆ ನಡೆಸಿದರು ಎಂಬುದೇ ನಮ್ಮ ಚರಿತ್ರೆ.

ಕೈಯಿಂದ ಕೈಗೆ ಹೋದ ಸೀಮೆ

ಹಂಪಿಯ ರಾಯರ ಕಾಲದಲ್ಲಿ ಇದು ರಾಜಧಾನಿಯ ಹತ್ತಿರದ ಸೀಮೆ. 1565ರ ಯುದ್ಧದ ನಂತರ ಬಿಜಾಪುರದ ಸುಲ್ತಾನರ ಅಧಿಕಾರ ಬಂತು. ಆದರೆ ನೆಲದ ಮೇಲೆ ನಿಜವಾದ ಹಿಡಿತ ಇದ್ದದ್ದು ಪಾಳೆಯಗಾರರದು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆ ಮುಂತಾದ ಕಡೆ ಕೋಟೆ ಕಟ್ಟಿಕೊಂಡ ನಾಯಕರು ಮೇಲಿನವರಿಗೆ ಕಪ್ಪ ಕೊಟ್ಟು ಕೆಳಗಿನವರಿಂದ ವಸೂಲಿ ಮಾಡುತ್ತಿದ್ದರು. ಮರಾಠರು ಬಂದಾಗ ಅವರಿಗೂ ಕೊಡಬೇಕಾಯಿತು. ಹೈದರಲಿಯ ಕಾಲಕ್ಕೆ ಮೈಸೂರಿನ ಹಿಡಿತ ಬಂತು. 1792 ಮತ್ತು 1799ರ ಒಪ್ಪಂದಗಳಲ್ಲಿ ಟಿಪ್ಪು ಸುಲ್ತಾನರ ರಾಜ್ಯ ಹಂಚಿಹೋದಾಗ ಈ ಕಡೆಯ ಬಹುಪಾಲು ನೆಲ ಹೈದರಾಬಾದಿನ ನಿಜಾಮರ ಪಾಲಿಗೆ ಹೋಯಿತು.

ನಿಜಾಮರ ಕೈಯಲ್ಲೂ ಅದು ನಿಲ್ಲಲಿಲ್ಲ. ತಮ್ಮ ರಕ್ಷಣೆಗೆ ಇರಿಸಿಕೊಂಡ ಕಂಪನಿ ಸೈನ್ಯದ ಖರ್ಚಿಗಾಗಿ ಅವರು 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಭಾಗಗಳು ಸೇರಿದ ಈ ಪ್ರದೇಶಕ್ಕೆ 'ದತ್ತ ಮಂಡಲ' ಎಂದು ಹೆಸರಾಯಿತು. ಆ ಒಪ್ಪಂದಕ್ಕೆ ರುಜು ಹಾಕುವಾಗ ಹೊಲದಲ್ಲಿದ್ದ ರಈಯತ್ತನ್ನು ಕೇಳಿದವರು ಯಾರೂ ಇಲ್ಲ. ಸೈನ್ಯದ ಸಾಲಕ್ಕೆ ಮಂದೆಯನ್ನೇ ಕೊಟ್ಟಂತಾಯಿತು.

ಮೂವತ್ತಮೂರು ಅಡಿಯ ಸರಪಳಿ

ದತ್ತ ಮಂಡಲಕ್ಕೆ ಮೊದಲ ಮುಖ್ಯ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. 1800ರಿಂದ 1807ರವರೆಗೆ ಇಲ್ಲಿದ್ದ. ಆಗ ಈ ಸೀಮೆಯಲ್ಲಿ ಸುಮಾರು 80 ಮಂದಿ ಪಾಳೆಯಗಾರರಿದ್ದರು. ಕೆಲವರನ್ನು ಸೈನ್ಯದಿಂದ ಅಡಗಿಸಿದ, ಕೆಲವರನ್ನು ಹೊರಗೆ ಕಳಿಸಿದ, ಕೆಲವರಿಗೆ ಪಿಂಚಣಿ ಕಟ್ಟಿ ಕೂರಿಸಿದ. ನಂತರ ಊರೂರಿಗೆ ಡೇರೆ ಹಾಕಿಕೊಂಡು ತಿರುಗಿ ನೆಲ ಅಳೆಸತೊಡಗಿದ.

ಅಳತೆಗೆ ಬಳಸಿದ್ದು 33 ಅಡಿ ಉದ್ದದ ಸರಪಳಿ. ಅಷ್ಟಗಲ ಅಷ್ಟುದ್ದದ ತುಂಡು ಒಂದು ಗುಂಟೆ. ಅಂಥ ನಲವತ್ತು ಸೇರಿದರೆ ಒಂದು ಎಕರೆ. ಇಂದಿಗೂ ನಮ್ಮ ಪಹಣಿಯಲ್ಲಿ ಎಕರೆ-ಗುಂಟೆ ಎಂದು ಬರೆಯುವುದು ಇದೇ ಲೆಕ್ಕದಲ್ಲಿ. ಪ್ರತಿ ಹೊಲಕ್ಕೆ ನಂಬರು, ಪ್ರತಿ ನಂಬರಿಗೆ ಮಣ್ಣಿನ ದರ್ಜೆ, ಪ್ರತಿ ರೈತನ ಹೆಸರಿಗೆ ಪಟ್ಟೆ. ನಡುವೆ ಜಮೀನ್ದಾರನಿಲ್ಲ, ಸರಕಾರ ನೇರವಾಗಿ ರೈತನ ಜತೆ ಲೆಕ್ಕ ಮಾಡುತ್ತದೆ. ಇದಕ್ಕೆ ರೈತವಾರಿ ಎಂದು ಹೆಸರು. ಬಂಗಾಳದಲ್ಲಿ 1793ರಲ್ಲಿ ಕಂದಾಯ ಕಟ್ಟುವ ಹೊಣೆಯನ್ನೂ ಭೂಮಿಯ ಒಡೆತನವನ್ನೂ ಜಮೀನ್ದಾರರಿಗೆ ಕೊಟ್ಟಿದ್ದರು. ಪಂಜಾಬನ್ನು 1849ರಲ್ಲಿ ಹಿಡಿದ ಮೇಲೆ ಅಲ್ಲಿ ಊರನ್ನೇ ಒಂದು ಘಟಕ ಮಾಡಿ, ಊರಿನವರೆಲ್ಲ ಸೇರಿ ಹೊಣೆ ಹೊರುವ ಪದ್ಧತಿ ತಂದರು. ಲಂಬರ್‌ದಾರ್ ವಸೂಲಿ ಮಾಡಿ ಕಟ್ಟುತ್ತಿದ್ದ. ನಮ್ಮಲ್ಲಿ ಮಾತ್ರ ಒಬ್ಬೊಬ್ಬ ರೈತನ ಹೆಸರೂ ಸರಕಾರದ ಪುಸ್ತಕಕ್ಕೆ ಬಂತು.

ನೆಲ ಅಳೆದು ಕಂದಾಯ ಕಟ್ಟುವುದು ಮನ್ರೋ ಕಂಡುಹಿಡಿದದ್ದೇನಲ್ಲ. ಅವನಿಗಿಂತ ಸುಮಾರು 1,160 ವರ್ಷ ಮೊದಲು ಇರಾಕಿನ ಫಲವತ್ತಾದ ಸವಾದ್ ಪ್ರದೇಶ ಕೈಗೆ ಬಂದಾಗ, ಅದನ್ನು ಸೈನಿಕರಿಗೆ ಹಂಚಿಬಿಡಿ ಎಂದು ಹಲವರು ಹಝ್ರತ್ ಉಮರ್(ರ)ರನ್ನು ಕೇಳಿದ್ದರು. ಅವರು ಒಪ್ಪಲಿಲ್ಲ. ಉಳುವವರ ಕೈಯಲ್ಲೇ ನೆಲ ಬಿಟ್ಟು, ಉಸ್ಮಾನ್ ಬಿನ್ ಹುನೈಫ್(ರ)ರನ್ನು ಕಳಿಸಿ ಅಳತೆ ಮಾಡಿಸಿ ಖರಾಜ್ ನಿಗದಿ ಮಾಡಿದರು. ತಾವು ಶಹೀದರಾಗುವ ಕೆಲವೇ ದಿನ ಮೊದಲು ಉಸ್ಮಾನ್ ಬಿನ್ ಹುನೈಫ್ ಮತ್ತು ಹುಝೈಫಾ(ರ) ಇಬ್ಬರನ್ನೂ ನಿಲ್ಲಿಸಿ, ಆ ನೆಲ ಹೊರಲಾರದ ಭಾರವನ್ನು ನೀವು ಅದರ ಮೇಲೆ ಹೊರಿಸಿಲ್ಲವಷ್ಟೆ ಎಂದು ವಿಚಾರಿಸಿದರು. ಅಲ್ಲಾಹನು ತನ್ನನ್ನು ಉಳಿಸಿದರೆ ಇರಾಕಿನ ವಿಧವೆಯರು ತನ್ನ ನಂತರ ಯಾರ ಮುಂದೆಯೂ ಕೈಚಾಚದಂತೆ ಮಾಡಿ ಹೋಗುವೆನೆಂದರು. ಅಳತೆ ಎಲ್ಲರೂ ಮಾಡಿಸುತ್ತಾರೆ. ಅಳತೆಯ ನಂತರ ಈ ಪ್ರಶ್ನೆ ಕೇಳುತ್ತಾರೋ ಇಲ್ಲವೋ ಎಂಬುದರಲ್ಲಿ ವ್ಯತ್ಯಾಸ ಇರುವುದು.

ಮನ್ರೋಗೆ ನ್ಯಾಯ ಸಲ್ಲಬೇಕಾದರೆ, ಅವನೂ ಆ ಪ್ರಶ್ನೆ ಕೇಳಿದ ಎನ್ನಬೇಕು. ತಾನೇ ಕಟ್ಟಿದ ಕಂದಾಯ ಬೆಳೆಯ ಅರ್ಧದ ಹತ್ತಿರಕ್ಕೆ ಬರುತ್ತದೆ, ರೈತ ತಾಳಲಾರ, ಕಾಲು ಭಾಗ ಇಳಿಸಿ, ಕೆರೆ ಬಾವಿಯ ನೆಲಕ್ಕೆ ಇನ್ನಷ್ಟು ಇಳಿಸಿ ಎಂದು 1807ರಲ್ಲಿ ಮೇಲಿನವರಿಗೆ ಬರೆದ. ಮೇಲಿನವರು ಕೇಳಲಿಲ್ಲ. ಅವನು ಊರಿಗೆ ಹೋದ ಮೇಲೆ ರೈತವಾರಿಯನ್ನೇ ಬಿಟ್ಟು ಇಡೀ ಊರುಗಳನ್ನು ಗುತ್ತಿಗೆಗೆ ಕೊಟ್ಟರು. ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆದಾರರೂ ಮುಳುಗಿದರು, ರೈತರೂ ಮುಳುಗಿದರು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆಗಿ ಮರಳಿದ ಮೇಲೆಯೇ ರೈತವಾರಿ ಮತ್ತೆ ಬಂತು, ಕಂದಾಯವೂ ಇಳಿಯಿತು. 1827ರಲ್ಲಿ ಕೊನೆಯದಾಗಿ ಈ ಸೀಮೆ ನೋಡಲು ಬಂದವನು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ದತ್ತ ಮಂಡಲದ ಹಳ್ಳಿಗಳಲ್ಲಿ ಮಕ್ಕಳಿಗೆ 'ಮನ್ರೋಳಪ್ಪ' ಎಂದು ಹೆಸರಿಟ್ಟವರಿದ್ದರು. ಪರದೇಶಿ, ಪರಧರ್ಮದ ಅಧಿಕಾರಿಯಾದರೂ ಕಂದಾಯ ಇಳಿಸಿದವನನ್ನು ಜನ ಮರೆಯಲಿಲ್ಲ.

ಫಸಲಿ ಮತ್ತು ಜಮಾಬಂದಿ

ಹಿರಿಯರ ಕಾಗದದ 'ಫಸಲಿ'ಯ ವಿಷಯವೂ ತಿಳಿಯಬೇಕಾದದ್ದೇ. ನಮ್ಮ ಹಿಜರಿ ವರ್ಷ ಚಂದ್ರನದು. ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಹಿಜರಿ ತಿಂಗಳಿಗೆ ಕಂದಾಯ ಗೊತ್ತು ಮಾಡಿದರೆ ವರ್ಷದಿಂದ ವರ್ಷಕ್ಕೆ ಮುಂಚೆ ಬಂದು, ಕೊನೆಗೆ ಬೆಳೆ ಹೊಲದಲ್ಲೇ ಇರುವಾಗ ಹಣ ಕೇಳಿದ ಹಾಗಾಗುತ್ತದೆ. ಅದಕ್ಕೆಂದೇ ಅಕ್ಬರನ ಕಾಲದಲ್ಲಿ ಹಿಜರಿಯ ಸಂಖ್ಯೆಯನ್ನೇ ಇಟ್ಟುಕೊಂಡು, ಸುಗ್ಗಿಗೆ ಹೊಂದುವ ಸೂರ್ಯ ವರ್ಷವನ್ನು ಲೆಕ್ಕಕ್ಕೆ ತಂದರು. ಷಹಜಹಾನನ ಕಾಲಕ್ಕೆ ಅದು ದಖ್ಖನಿಗೂ ಬಂತು. ಫಸಲಿನ ವರ್ಷವಾದ್ದರಿಂದ ಫಸಲಿ. ಮದ್ರಾಸಿನ ಲೆಕ್ಕದಲ್ಲಿ ಅದಕ್ಕೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. ನಮಾಝ್, ರೋಝಾಗಳಿಗೆ ಚಂದ್ರ, ರೈತನ ಕಂದಾಯಕ್ಕೆ ಸೂರ್ಯ. ರಈಯತ್ತಿನ ಅನುಕೂಲಕ್ಕೆ ದಫ್ತರವನ್ನು ಬಾಗಿಸಿದ ಒಂದು ಒಳ್ಳೆಯ ಉದಾಹರಣೆ ಇದು.

ಊರಿನಲ್ಲಿ ಲೆಕ್ಕ ಬರೆಯುವವನು ಕರಣಂ, ವಸೂಲಿ ಮಾಡಿಸುವವನು ಗೌಡ ಅಥವಾ ರೆಡ್ಡಿ, ಕಾವಲಿಗೆ ತಳವಾರ. ವರ್ಷಕ್ಕೊಮ್ಮೆ ಜಮಾಬಂದಿ. ಯಾರು ಯಾವ ಹೊಲ ಮಾಡಿದ್ದಾರೆ, ಎಷ್ಟು ಬಂತು, ಎಷ್ಟು ಮಾಫಿ ಎಂದು ಆಗ ಗೊತ್ತಾಗುತ್ತಿತ್ತು. ಪುಸ್ತಕದಲ್ಲಿ ಎಲ್ಲವೂ ಅಚ್ಚುಕಟ್ಟು. ಆದರೆ ಪುಸ್ತಕದ ಹೊರಗೆ ನಡೆದದ್ದೇ ಬೇರೆ. ಬಾಕಿ ವಸೂಲಿಗೆ ಕೆಳಗಿನ ನೌಕರರು ರೈತರನ್ನು ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸುತ್ತಾರೆ, ಬೆರಳುಗಳನ್ನು ಕಟ್ಟಿಗೆಯಲ್ಲಿ ಹಿಚುಕುತ್ತಾರೆ ಎಂಬ ದೂರು ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋಯಿತು. ಮದ್ರಾಸ್ ಪ್ರಾಂತ್ಯದಲ್ಲಿ ತನಿಖೆಗೆಂದು ನೇಮಿಸಿದ ಆಯೋಗ 1855ರಲ್ಲಿ ವರದಿ ಕೊಟ್ಟು, ಇಂಥ ಹಿಂಸೆ ನಡೆಯುತ್ತಿರುವುದು ನಿಜ ಎಂದು ಒಪ್ಪಿತು. ಪ್ರವಾದಿ(ಸ) ಝಕಾತ್ ವಸೂಲಿಗೆ ಕಳಿಸಿದ್ದವನೊಬ್ಬ ಮರಳಿ ಬಂದು, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದಾಗ, ಅವರು ಮಿಂಬರ್ ಹತ್ತಿ ಎಲ್ಲರೆದುರು ಅದನ್ನು ಖಂಡಿಸಿದ್ದರು. ತಂದೆತಾಯಿಯ ಮನೆಯಲ್ಲೇ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದ್ದರು. ಮೇಲೆ ಕುಳಿತವನ ಕಾನೂನು ಎಷ್ಟೇ ಚೆನ್ನಾಗಿರಲಿ, ರೈತನಿಗೆ ಸರಕಾರ ಎಂದರೆ ಅವನ ಮನೆ ಬಾಗಿಲಿಗೆ ಬರುವ ನೌಕರನೇ.

ಪುಸ್ತಕದಲ್ಲಿ ಹೆಸರಿಲ್ಲದವರು

ರೈತವಾರಿಯಲ್ಲಿ ಇನ್ನೊಂದು ದೊಡ್ಡ ಕೊರತೆ ಇತ್ತು. ಪಟ್ಟೆ ಇದ್ದವನು ಮಾತ್ರ ರೈತ. ಅವನ ಹೊಲದಲ್ಲಿ ದುಡಿಯುವ ಕೂಲಿ, ಕುರಿ ಮೇಯಿಸುವವನು, ಮಗ್ಗ ನೇಯುವವನು, ಎತ್ತಿನ ಮೇಲೆ ಸಾಮಾನು ಸಾಗಿಸುವ ಲಂಬಾಣಿ, ಇವರ ಹೆಸರು ಕಂದಾಯದ ಪುಸ್ತಕದಲ್ಲಿಲ್ಲ. ನಮ್ಮ ಸಮುದಾಯದಲ್ಲೇ ನೋಡಿ. ಈ ಸೀಮೆಯಲ್ಲಿ ಪಿಂಜಾರರು, ಅಂದರೆ ನದಾಫರು, ಬಹಳ. ಎರೆಹೊಲದಲ್ಲಿ ಬೆಳೆದ ಹತ್ತಿಯನ್ನು ಬಿಲ್ಲು ಹಿಡಿದು ಹಿಂಜಿ, ಹಾಸಿಗೆ ತುಂಬಿಕೊಡುತ್ತಾ ಊರೂರು ತಿರುಗಿದವರು. ಮನೆಮಾತೇ ಕನ್ನಡವಾದ ಎಷ್ಟೋ ಪಿಂಜಾರ ಮನೆತನಗಳಿವೆ. ಅವರಲ್ಲಿ ಎಷ್ಟೋ ಜನರಿಗೆ ಬಿಲ್ಲೇ ಆಸ್ತಿ, ಅಂಗೈಯಗಲ ಹೊಲವೂ ಇರಲಿಲ್ಲ.

ಹೆಸರಿಲ್ಲದವರ ಗತಿ ಏನೆಂದು 1876ರಲ್ಲಿ ತಿಳಿಯಿತು. ಧಾತು ಸಂವತ್ಸರದಲ್ಲಿ ಮಳೆ ಹೋಯಿತು, ಮರುವರ್ಷ ಈಶ್ವರ ಸಂವತ್ಸರದಲ್ಲೂ ಸರಿಯಾಗಿ ಬರಲಿಲ್ಲ. 1876ರಿಂದ 78ರ ಆ ಬರದಲ್ಲಿ ಬಳ್ಳಾರಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. 1871ರ ಮತ್ತು 1881ರ ಜನಗಣತಿ ಇಟ್ಟು ನೋಡಿದರೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಬಳ್ಳಾರಿಗೆ ಆಗಲೇ ರೈಲು ಬಂದಿತ್ತು. ಧಾನ್ಯ ಇರಲೇ ಇಲ್ಲ ಎಂದಲ್ಲ, ಕೊಳ್ಳಲು ಬಡವರ ಕೈಯಲ್ಲಿ ಕಾಸಿರಲಿಲ್ಲ. ವೈಸ್‌ರಾಯ್ ಕಳಿಸಿದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರ ಆರಂಭದಲ್ಲಿ ಬಂದು, ಪರಿಹಾರ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದಾಣೆ ಸಾಕೆಂದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಮದ್ರಾಸಿನ ಆರೋಗ್ಯ ಅಧಿಕಾರಿ ಡಾಕ್ಟರ್ ಕಾರ್ನಿಷ್, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಎಂದು ಬಲವಾಗಿ ವಿರೋಧಿಸಿದರು. ಕೂಲಿ ಆಮೇಲೆ ಸ್ವಲ್ಪ ಏರಿತು, ಆದರೆ ಅಷ್ಟರಲ್ಲಿ ಎಷ್ಟೋ ಜನ ಹೋಗಿಬಿಟ್ಟಿದ್ದರು.

ಹಿಜರಿ 18ರಲ್ಲಿ ಮದೀನಾದ ಸುತ್ತ ಬರ ಬಿದ್ದಾಗ ಹಝ್ರತ್ ಉಮರ್(ರ) ಶಾಮಿನಿಂದ ಧಾನ್ಯ ತರಿಸಿದರು. ಜನರಿಗೆ ಸಿಗುವವರೆಗೆ ತಾವು ತುಪ್ಪ, ಮಾಂಸ ಮುಟ್ಟಲಿಲ್ಲ. ಹಸಿದು ಬಂದವರನ್ನು ನಿನ್ನ ಹೆಸರು ಯಾವ ಪುಸ್ತಕದಲ್ಲಿದೆ ಎಂದು ಕೇಳಲಿಲ್ಲ. ನಮ್ಮ ಜಿಲ್ಲೆಯ ಬರಕ್ಕೂ ಆ ಬರಕ್ಕೂ ನಡುವೆ ಇರುವ ವ್ಯತ್ಯಾಸ ಮಳೆಯದಲ್ಲ, ಕಾಯುವವನದು.

ಅಣೆಕಟ್ಟು: ಒಬ್ಬರ ನೀರು, ಇನ್ನೊಬ್ಬರ ಊರು

ಬರದ ಸೀಮೆಗೆ ತುಂಗಭದ್ರೆಯ ನೀರು ತರಬೇಕೆಂಬ ಯೋಚನೆಯನ್ನು ಎಂಜಿನಿಯರ್ ಆರ್ಥರ್ ಕಾಟನ್ 1860ರಲ್ಲೇ ಮುಂದಿಟ್ಟಿದ್ದ. ಕೈಗೂಡಲು ಎಂಬತ್ತೈದು ವರ್ಷ ಬೇಕಾಯಿತು. 1944ರಲ್ಲಿ ಮದ್ರಾಸ್ ಸರಕಾರಕ್ಕೂ ಹೈದರಾಬಾದ್ ಸಂಸ್ಥಾನಕ್ಕೂ ಒಪ್ಪಂದವಾಯಿತು. 1945ರ ಫೆಬ್ರವರಿ 28ರಂದು ಹೊಳೆಯ ಎರಡೂ ದಡದಲ್ಲಿ ಅಡಿಗಲ್ಲು ಬಿತ್ತು; ಈ ಕಡೆ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್, ಆ ಕಡೆ ಹೈದರಾಬಾದಿನ ಬೇರಾರ್ ರಾಜಕುಮಾರ. 1953ರ ಹೊತ್ತಿಗೆ ನೀರು ನಿಂತಿತು.

ಜಲಾಶಯ ತುಂಬಿದರೆ ಸುಮಾರು 378 ಚದರ ಕಿಲೋಮೀಟರ್ ನೆಲ ನೀರಿನಡಿ ಹೋಗುತ್ತದೆ. ಸುಮಾರು 90 ಊರುಗಳು, 54,000ಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಕಾಲುವೆಯ ನೀರು ಅಣೆಕಟ್ಟಿನ ಕೆಳಗಿನ ತಾಲ್ಲೂಕುಗಳಿಗೆ ಹರಿದು ರಾಯಚೂರು, ಬಳ್ಳಾರಿ ಕಡೆ ಭತ್ತದ ಗದ್ದೆಗಳಾದವು. ಮೇಲಿನ ನಮ್ಮ ಭಾಗದವರಿಗೆ ಉಳಿದದ್ದು ಹಿನ್ನೀರು. ಮಳೆಗಾಲದಲ್ಲಿ ಕಣ್ಣೆದುರೇ ಸಮುದ್ರದಂತೆ ನೀರು, ಸ್ವಲ್ಪ ಎತ್ತರದ ಹೊಲಕ್ಕೆ ಮಾತ್ರ ಆಕಾಶದ ಮಳೆಯೇ ಗತಿ.

ಇಲ್ಲೂ ಪುಸ್ತಕವೇ ತೀರ್ಪು ಕೊಟ್ಟಿತು. ಪಟ್ಟೆ ಇದ್ದವರಿಗೆ ಹೊಲದ ಪರಿಹಾರ. ಪಟ್ಟೆ ಇಲ್ಲದೆ ಅದೇ ಹೊಲದಲ್ಲಿ ತಲೆಮಾರಿನಿಂದ ದುಡಿದವರಿಗೆ ಹೊಲದ ಲೆಕ್ಕದಲ್ಲಿ ಏನೂ ಇಲ್ಲ. ಇನ್ನು ಕಬರಸ್ತಾನಗಳು, ಗುಡಿಗಳು, ದೊಡ್ಡ ಹುಣಿಸೆ ಮರಗಳು, ಇವಕ್ಕೆ ಯಾರು ಬೆಲೆ ಕಟ್ಟಬೇಕು? ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ, ಮೇಲೆದ್ದ ನೆಲದ ಕಡೆ ಕೈ ತೋರಿಸಿ ಹಿರಿಯರು, ಅಲ್ಲಿ ನಮ್ಮವರಿದ್ದಾರೆ ಎನ್ನುವುದನ್ನು ನಾವು ಕೇಳಿದ್ದೇವೆ. ಫಾತಿಹಾ ಓದಿ ಸುಮ್ಮನಾಗುತ್ತೇವೆ. ಕೆಳಗಿನವರ ತಟ್ಟೆಯ ಅನ್ನ ಹಲಾಲಾದದ್ದೇ, ಅದಕ್ಕೆ ಹೊಟ್ಟೆಕಿಚ್ಚು ಬೇಡ. ಆದರೆ ಆ ಅನ್ನದಲ್ಲಿ ಮುಳುಗಿದ ಊರಿನವರ ಪಾಲೂ ಇದೆ ಎಂಬ ನೆನಪು ಇರಲಿ.

ಕಲೆಕ್ಟರ್ ಹೋಗಿ ಡೆಪ್ಯುಟಿ ಕಮಿಷನರ್ ಬಂದದ್ದು

ಅದೇ 1953ರಲ್ಲಿ ಜಿಲ್ಲೆಯೇ ಒಡೆಯಿತು. ದತ್ತ ಮಂಡಲವನ್ನು 1808ರಲ್ಲಿ ಬಳ್ಳಾರಿ, ಕಡಪ ಎಂದು ಎರಡು ಮಾಡಿದ್ದರು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಬೇರೆಯಾಗಿತ್ತು. ಈಗ ಆಂಧ್ರ ರಾಜ್ಯ ಹುಟ್ಟುವಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹೊಸಪೇಟೆ ಮುಂತಾದವು ಮೈಸೂರಿಗೆ ಸೇರಿದವು. ಬಳ್ಳಾರಿ ತಾಲ್ಲೂಕಿನ ಬಗ್ಗೆ ಜಗಳ ದೊಡ್ಡದಾಗಿ, ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ಮೇಲೆ ಅದೂ ಮೈಸೂರಿಗೇ ಬಂತು. 1953ರ ಅಕ್ಟೋಬರ್ 1ರಂದು ವಿಲೀನ.

ಆ ಸಂಭ್ರಮದ ಚಪ್ಪರವನ್ನು ರಾತ್ರಿ ಕಾಯುತ್ತಿದ್ದವರು ಬಳ್ಳಾರಿಯ ಪೈಲ್ವಾನ್ ರಂಜಾನ್ ಸಾಬ್. ಕಿಡಿಗೇಡಿಗಳು ಎಸೆದ ಆಸಿಡ್ಡಿಗೆ ಸಿಕ್ಕಿ ಅವರು ಪ್ರಾಣ ಬಿಟ್ಟರು. ಕರ್ನಾಟಕದ ಏಕೀಕರಣಕ್ಕೆ ಜೀವ ಕೊಟ್ಟವರಲ್ಲಿ ಅವರ ಹೆಸರಿದೆ. ನಮ್ಮ ಮಕ್ಕಳು ಈ ಹೆಸರನ್ನು ನವೆಂಬರ್ ತಿಂಗಳಲ್ಲಿ ಮಾತ್ರವಲ್ಲ, ಎಂದಿಗೂ ನೆನಪಿಡಬೇಕು. ಕಾವಲಿಗೆಂದು ನಿಂತವನು ಕಾವಲು ಬಿಟ್ಟು ಓಡಲಿಲ್ಲ. ರಾಈ ಎಂದರೆ ಅದೇ ಅಲ್ಲವೇ?

ವಿಲೀನದಿಂದ ಜನರ ಬಾಯಲ್ಲಿ ಒಂದು ಪದವೂ ಬದಲಾಯಿತು. ಮದ್ರಾಸಿನ ಪದ್ಧತಿಯಲ್ಲಿ ಜಿಲ್ಲೆಯ ಮುಖ್ಯಸ್ಥ ಕಲೆಕ್ಟರ್. ಮೈಸೂರಿನಲ್ಲಿ, ಪಂಜಾಬಿನಂತೆಯೇ, ಡೆಪ್ಯುಟಿ ಕಮಿಷನರ್. ಇಂದಿಗೂ ಜಿಲ್ಲಾಧಿಕಾರಿಗೆ ನಾವು 'ಡಿಸಿ' ಎನ್ನುತ್ತೇವೆ. ವಂಶಪಾರಂಪರ್ಯದ ಗೌಡಿಕೆ, ಶ್ಯಾನುಭೋಗಿಕೆಗಳು 1960ರ ದಶಕದಲ್ಲಿ ರದ್ದಾಗಿ ಗ್ರಾಮ ಲೆಕ್ಕಾಧಿಕಾರಿ ಬಂದರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂದಾಗ, ನಮೂನೆ 7ರಲ್ಲಿ ಅರ್ಜಿ ಹಾಕಿ ಗೆದ್ದ ಗೇಣಿದಾರರ ಹೆಸರು ಮೊದಲ ಬಾರಿಗೆ ಪುಸ್ತಕ ಸೇರಿತು. ಹೆದರಿಕೆಯಿಂದಲೋ, ದಾಕ್ಷಿಣ್ಯದಿಂದಲೋ, ತಿಳಿಯದೆಯೋ ಅರ್ಜಿ ಹಾಕದವರು ಹೊರಗೇ ಉಳಿದರು.

ಆಮೇಲಿನದು ಎಲ್ಲರಿಗೂ ನೆನಪಿರುವುದೇ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು. ಕೂಡ್ಲಿಗಿಯಿಂದ ಕೊಟ್ಟೂರು ಬೇರೆ ತಾಲ್ಲೂಕಾಯಿತು. ಹಿಂದೆ ಹಡಗಲಿ ತಾಲ್ಲೂಕಿನಲ್ಲಿದ್ದ ನಮ್ಮ ಹಂಪಸಾಗರ ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ರಾಜ್ಯದ 31ನೇ ಜಿಲ್ಲೆ ವಿಜಯನಗರ ಹುಟ್ಟಿತು. ಈ ತಾಲ್ಲೂಕುಗಳೆಲ್ಲ ಅದಕ್ಕೆ ಸೇರಿದವು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಮೀಸಲು, ಓದಿನಲ್ಲೂ ನೌಕರಿಯಲ್ಲೂ, ನಮ್ಮ ಮಕ್ಕಳಿಗೂ ಇದೆ. ಅದಕ್ಕೆ ಬೇಕಾದ ಅರ್ಹತಾ ಪತ್ರವನ್ನು ಸಮಯಕ್ಕೆ ಮಾಡಿಸದೆ ಸೀಟು ಕಳೆದುಕೊಳ್ಳುವ ಮಕ್ಕಳನ್ನು ಕಂಡಾಗ ನಮಗೆ ಬಹಳ ಬೇಸರವಾಗುತ್ತದೆ. ಹಕ್ಕು ಇದೆ, ಪುಸ್ತಕದಲ್ಲಿ ಹೆಸರಿಲ್ಲ!

ಈಗ ಲೇಖನಿ ಯಾರ ಕೈಯಲ್ಲಿದೆ?

ಮತ್ತೆ ಮಸೀದಿಯ ಕಟ್ಟೆಗೆ ಬರೋಣ. ಇಷ್ಟೆಲ್ಲ ಮಾತಾದ ಮೇಲೆ ನಾವು ಹಿರಿಯರ ಕೈಯಲ್ಲಿದ್ದ ಕೊನೆಯ ಕಾಗದ ನೋಡಿದೆವು. ಪೌತಿ ಖಾತೆಗೆ ಕೊಡಲು ಸಿದ್ಧಮಾಡಿದ ವಂಶವೃಕ್ಷ. ತಂದೆಯ ಹೆಸರು, ಕೆಳಗೆ ಮೂವರು ಗಂಡುಮಕ್ಕಳ ಹೆಸರು.

"ಚಾಚಾ, ನಿಮಗೆ ಅಕ್ಕತಂಗಿಯರಿಲ್ಲವೇ?" ಎಂದೆವು.

"ಇಬ್ಬರಿದ್ದಾರೆ. ಮದುವೆಯಾಗಿ ಹೋಗಿ ನಲವತ್ತು ವರ್ಷವಾಯಿತು. ಅವರೇನು ಕೇಳಿಲ್ಲ" ಎಂದರು. ಸ್ವಲ್ಪ ತಡೆದು, "ಎಲ್ಲರೂ ಹೀಗೇ ಬರೆಸುತ್ತಾರೆ" ಎಂದೂ ಸೇರಿಸಿದರು.

ನಿಜ, ಎಲ್ಲರೂ ಹೀಗೇ ಬರೆಸುತ್ತಾರೆ. ಆಳುವವರು ನಮ್ಮನ್ನು ಕೇಳದೆ ಕೊಟ್ಟರು, ಕೊಂಡರು, ಪುಸ್ತಕದಿಂದ ಬಿಟ್ಟರು ಎಂದು ಇನ್ನೂರು ವರ್ಷದ ದೂರು ಹೇಳುವ ನಾವು, ಲೇಖನಿ ನಮ್ಮ ಕೈಗೆ ಬಂದ ಒಂದು ದಿನ ಮಾಡುವುದೇನು? ಒಡಹುಟ್ಟಿದವರ ಹೆಸರನ್ನೇ ಬಿಡುತ್ತೇವೆ. ಅನ್ನಿಸಾ ಅಧ್ಯಾಯದಲ್ಲಿ ಅಲ್ಲಾಹನು ಹೆಣ್ಣುಮಕ್ಕಳ ಪಾಲನ್ನು ಕಡ್ಡಾಯವಾಗಿ ಗೊತ್ತುಮಾಡಿ ಕೊಟ್ಟಿದ್ದಾನೆ. ಆಸ್ತಿ ಕಡಿಮೆಯಿರಲಿ, ಹೆಚ್ಚಿರಲಿ, ಪಾಲು ಪಾಲೇ. ಅವರು ಕೇಳಿಲ್ಲ ಎಂಬುದು ಉತ್ತರವಲ್ಲ. ಬರದಲ್ಲಿ ಹೆಸರಿಲ್ಲದೆ ಸತ್ತ ಕೂಲಿಯವರೂ ಯಾರನ್ನೂ ಕೇಳಿರಲಿಲ್ಲ. ಬಿಟ್ಟುಕೊಡುವುದಾದರೆ ಮೊದಲು ಅವರ ಪಾಲು ಅವರ ಕೈಗೆ ಬರಬೇಕು, ಆಮೇಲೆ ಮನಃಪೂರ್ವಕ ಅವರೇ ಬಿಟ್ಟುಕೊಡಬೇಕು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಸುಮ್ಮನಿರುವುದನ್ನು ಒಪ್ಪಿಗೆ ಎಂದು ಎಣಿಸಬಾರದು.

ಹಿರಿಯರು ಏನೂ ಹೇಳಲಿಲ್ಲ. ಕಾಗದಗಳನ್ನು ಮಡಚಿ ಗಂಟು ಕಟ್ಟಿ ಎದ್ದುಹೋದರು. ನಮ್ಮ ಮಾತು ಕಠಿಣವಾಯಿತೇನೋ ಎಂದುಕೊಂಡೆವು. ಎರಡು ಜುಮಾ ಅವರು ಮೊದಲ ಸಾಲಿನಲ್ಲಿ ಕಾಣಲಿಲ್ಲ. ಮೂರನೇ ಜುಮಾಕ್ಕೆ ಬಂದು ಸಲಾಮ್ ಹೇಳಿ, "ಕೊಪ್ಪಳದ ಕಡೆಯಿಂದ ಅಕ್ಕನ ಆಧಾರ್ ತರಿಸಿದ್ದೇನೆ ಹಜರತ್. ತಂಗಿಯದು ನಾಳೆ ಬರುತ್ತದೆ. ವಂಶವೃಕ್ಷ ಹೊಸದಾಗಿ ಬರೆಸಬೇಕು, ನೀವೊಮ್ಮೆ ನೋಡಿಕೊಡಿ" ಎಂದರು.

ಓದುಗರೇ, ನಮ್ಮ ಜಿಲ್ಲೆಯ ಹೆಸರು ಇನ್ನೂ ಬದಲಾಗಬಹುದು, ತಾಲ್ಲೂಕಿನ ಗಡಿ ಸರಿಯಬಹುದು. ಆದರೆ ನಮ್ಮ ನಮ್ಮ ಮನೆಯ ರಈಯತ್ ಬದಲಾಗುವುದಿಲ್ಲ. ಮನೆಯಲ್ಲಿರುವ ಹಳೆಯ ಕಾಗದದ ಗಂಟನ್ನು ಈ ವಾರ ಬಿಚ್ಚಿ. ಫಸಲಿ ಯಾವುದು, ಇಸವಿ ಯಾವುದು, ಯಾವ ಸರಕಾರದ ಮೊಹರು ಎಂದು ಮಕ್ಕಳಿಗೆ ಓದಿ ಹೇಳಿ. ಓದುತ್ತಾ ಓದುತ್ತಾ, ಯಾರ ಹೆಸರು ಬಿಟ್ಟುಹೋಗಿದೆ ಎಂದೂ ನೋಡಿ. ಕಾಯುವವರಾಗಿ ನಮ್ಮನ್ನು ವಿಚಾರಿಸುವ ದಿನ ನಾವು ತಲೆ ತಗ್ಗಿಸದಂತೆ ಅಲ್ಲಾಹನು ನಮ್ಮೆಲ್ಲರಿಗೂ ತೌಫೀಕ್ ಕೊಡಲಿ. ಆಮೀನ್.